ಗ್ಲಾಸ್ಗೋದಾಗ ಹಾಕಿ ಇಲ್ಲ, ಕುಸ್ತಿ ಇಲ್ಲ: ಈ ಕಾಮನ್‌ವೆಲ್ತ್‌ನಿಂದ ನಮ್ಮ ಕಡೆ ಹುಡುಗೂರಿಗೆ ಏನ್ ಬಂತು?

ಬೆಟಗೇರಿ ರೈಟ್ ಹಾಫ್

ಎಲ್ಲಾರಿಗೂ ಶರಣ್ರೀ. ಭಾಳ ದಿನದಿಂದ ತಲಿಯಾಗ ಒಂದು ಮಾತು ಕೊರಿಯಾಕತ್ತೈತಿ, ಇಲ್ಲೇ ಕೇಳಿಬಿಡ್ತೀನಿ.

2026ರ ಜುಲೈ 23ಕ್ಕ ಗ್ಲಾಸ್ಗೋದಾಗ ಕಾಮನ್‌ವೆಲ್ತ್ ಕ್ರೀಡಾಕೂಟ ಶುರು, ಆಗಸ್ಟ್ 2ಕ್ಕ ಮುಗೀತದ. ಈ ಸಲ ಬರೇ 10 ಆಟ. ಹಾಕಿ ತಗದಾರ, ಕುಸ್ತಿ ತಗದಾರ, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಸ್ಕ್ವಾಷ್, ಕ್ರಿಕೆಟ್ ಎಲ್ಲಾ ಹೊರಗ. ಶೂಟಿಂಗ್ ಅಂತೂ 2022ರ ಬರ್ಮಿಂಗ್‌ಹ್ಯಾಮ್‌ದಾಗನ ಇರಲಿಲ್ಲ. ಬರ್ಮಿಂಗ್‌ಹ್ಯಾಮ್‌ದಾಗ ನಮಗ ಒಟ್ಟು 61 ಪದಕ ಬಂದಿದ್ವು. ಕುಸ್ತಿ 12, ಟೇಬಲ್ ಟೆನಿಸ್ 7, ಬ್ಯಾಡ್ಮಿಂಟನ್ 6, ಹಾಕಿ 2, ಸ್ಕ್ವಾಷ್ 2, ಕ್ರಿಕೆಟ್ 1. ಕೂಡಿಸಿ ನೋಡ್ರಿ, 30 ಆಗ್ತಾವು. ಅರ್ಧಾ ಪದಕ ಬಂದ ಆಟಗಳನ್ನ ಈ ಸಲ ಆಡಂಗನ ಇಲ್ಲ.

ಪದಕದ ಲೆಕ್ಕ ಬಿಡ್ರಿ, ನನಗ ಹತ್ತಿದ ಚಿಂತಿ ಬ್ಯಾರೆ. ನಮ್ಮ ಬೆಟಗೇರಿ ಓಣಿಯೊಳಗ ಅಪ್ಪ ಆಡಿದ ಸ್ಟಿಕ್ ಮಗ ಹಿಡೀತಾನ. ಅಣ್ಣನ ಮಗ ಕ್ರೀಡಾ ಹಾಸ್ಟೆಲ್‌ದಾಗ ಅದಾನ, ಮೊನ್ನೆ ಹಬ್ಬಕ್ಕ ಬಂದಾಗ, “ಕಾಕಾ, ನಮ್ಮ ಆಟ ತಗದಾರಂತ, ಹೌದೇನು? ಇನ್ನ ಆಡಿ ಏನ್ ಮಾಡೂದು?” ಅಂದ. ನಾನು ಏಷ್ಯನ್ ಗೇಮ್ಸ್ ಐತಿ, ಒಲಿಂಪಿಕ್ಸ್ ಐತಿ ಅಂತ ಹೇಳ್ದೆ. ಅಂವ ಒಪ್ಪಿದಂಗ ಕಾಣಲಿಲ್ಲ. ಹದಿಮೂರು ವರ್ಷದ ಹುಡುಗಗ ಒಂದು ಬಾಗಿಲು ಮುಚ್ಚಿತು ಅಂದ್ರ ಎಲ್ಲಾ ಮುಚ್ಚಿದಂಗ ಅನಸ್ತದ.

ಇಂಥಾ ಕೂಟಕ್ಕ ಭಾರತ ತಂಡ ಕಳಸಬೇಕೋ, ಇಲ್ಲಾ ನಮ್ಮ ಆಟ ಸೇರಿಸೂತನಕ ಬರೂದಿಲ್ಲ ಅಂತ ಕೂಡಬೇಕೋ? ಮನಸ್ಸು ಬಿಚ್ಚಿ ಹೇಳ್ರಿ.

---

ಸಪ್ತಾಪುರ ಗಲ್ಲಿ

ಅಣ್ಣಾ, ಗ್ಲಾಸ್ಗೋದವರನ್ನ ಬೈಯೂಕ್ಕಿಂತ ಮೊದಲು ಆಸ್ಟ್ರೇಲಿಯಾದವರನ್ನ ಕೇಳ್ಬೇಕು. ಈ ಕೂಟ ನಿಜವಾಗಿ ನಡೀಬೇಕಾಗಿದ್ದು ವಿಕ್ಟೋರಿಯಾದಾಗ. ಖರ್ಚು ಕೈ ಮೀರಿತು ಅಂತ 2023ರ ಜುಲೈದಾಗ ಅವರು ಹಿಂದ ಸರದ್ರು, 38 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕಟ್ಟಿದ್ರು. ಯಾರೂ ಮುಂದ ಬರದಾಗ ಗ್ಲಾಸ್ಗೋ ಒಪ್ಪಿಕೊಂಡಿದ್ದು. ಹೊಸಾ ಕ್ರೀಡಾಂಗಣ ಒಂದೂ ಕಟ್ಟೂದಿಲ್ಲ, ಇದ್ದ 4 ಕಡೆನ ಎಲ್ಲಾ ಮುಗಸ್ತೀವಿ ಅನ್ನೂ ಷರತ್ತಿನ ಮ್ಯಾಲೆ. ನಾಲ್ಕೂ ಜಾಗ 8 ಮೈಲಿ ಒಳಗ ಅದಾವು.

ಹಾಕಿಗೆ ಇನ್ನೊಂದು ತೊಡಕು ಐತಿ. ವಿಶ್ವಕಪ್ ಈ ವರ್ಷ ಆಗಸ್ಟ್ 15ಕ್ಕ ನೆದರ್ಲೆಂಡ್ಸ್, ಬೆಲ್ಜಿಯಂನಾಗ ಶುರು ಆಗ್ತದ. ಗ್ಲಾಸ್ಗೋ ಮುಗದು ಎರಡು ವಾರಕ್ಕ. ಇಟ್ಟಿದ್ರೂ ದೊಡ್ಡ ತಂಡಗಳು ಎರಡನೇ ದರ್ಜೆ ಆಟಗಾರರನ್ನ ಕಳಸ್ತಿದ್ವು.

---

ಕೆಲಗೇರಿ ಪೈಲ್ವಾನ

ಹಾಕಿಗೆ ವಿಶ್ವಕಪ್ ಕಾರಣ ಆತು. ಕುಸ್ತಿಗೆ ಏನ್ ಕಾರಣ ಹೇಳ್ತಿ ತಮ್ಮಾ? ಎರಡು ಮ್ಯಾಟ್ ಹಾಸಿದ್ರ ಮುಗೀತು. ಜೂಡೋ ಇಟ್ಟಾರ. ಜೂಡೋ ಆಡೂ ಹಾಲ್‌ದಾಗ ಮರುದಿನ ಕುಸ್ತಿ ಹಿಡಸಾಕ ಬರೂದಿಲ್ಲೇನು?

ಈ ಕೂಟದಾಗ ಭಾರತಕ್ಕ ಮೊದಲನೇ ಪದಕ ತಂದಿದ್ದ ಕುಸ್ತಿ. 1934, ಲಂಡನ್. ರಶೀದ್ ಅನ್ವರ್, ಕಂಚು. ಆ ಸಲ ನಮಗ ಬಂದಿದ್ದು ಅದೊಂದ ಪದಕ. 1958ರ ಕಾರ್ಡಿಫ್‌ದಾಗ ಮಿಲ್ಖಾ ಸಿಂಗ್ ಬಂಗಾರ ಎಲ್ಲಾರಿಗೂ ಗೊತ್ತೈತಿ, ಅದ ಕೂಟದಾಗ ಲೀಲಾ ರಾಮ್ ಪೈಲ್ವಾನ ಬಂಗಾರ ಹೊಡದಿದ್ದು ಎಷ್ಟ್ ಮಂದಿಗೆ ಗೊತ್ತು? ಇಲ್ಲೀತನಕ ಕುಸ್ತಿಯೊಳಗ 114 ಪದಕ. ಬರ್ಮಿಂಗ್‌ಹ್ಯಾಮ್‌ಗೆ 12 ಮಂದಿ ಹೋದ್ರು, 12 ಮಂದಿನೂ ಕೊಳ್ಳಾಗ ಪದಕ ಹಾಕ್ಕೊಂಡು ಬಂದ್ರು. ಬಜರಂಗ್, ರವಿ ದಹಿಯಾ, ದೀಪಕ್, ನವೀನ್, ಸಾಕ್ಷಿ, ವಿನೇಶ್, ಆರು ಬಂಗಾರ. ಬ್ಯಾರೆ ಯಾವ ಆಟದಾಗ ಹಿಂಗ ಆಗೇತಿ ತೋರಸ್ರಿ.

ನನ್ನ ಮಾತು ನೇರ ಐತಿ. ಭಾರತ ಹೋಗಬಾರದು. ನಮ್ಮನ್ನ ಬಿಟ್ಟು ಮಾಡಿಕೊಳ್ಳಲಿ, ಟಿವಿ ಹಕ್ಕಿನ ರೊಕ್ಕ ಎಷ್ಟ್ ಬರ್ತದ ನೋಡೂಣು.

---

ಬ್ಯಾಡಗಿ ಕೆಂಪು

ಪೈಲ್ವಾನರ ಮಾತಿಗೆ ನನ್ನದೂ ಒಂದು ಕೈ.

---

ರಾಣೇಬೆನ್ನೂರು ಪಿಇ ಟೀಚರ್

ನಾನು ಒಪ್ಪುವುದಿಲ್ಲ, ಪೈಲ್ವಾನ ಅಣ್ಣನವರೇ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ತಂಡವೇ ಹೋಗಬಾರದು ಎಂದರೆ ಅದರ ಪೆಟ್ಟು ಬೀಳುವುದು ಯಾರಿಗೆ? ಓಡುವವರಿಗೆ, ಭಾರ ಎತ್ತುವವರಿಗೆ, ಬಾಕ್ಸಿಂಗ್ ಮಕ್ಕಳಿಗೆ. ಅವರೇನು ಕುಸ್ತಿಯನ್ನು ತೆಗೆಸಿದರೇ?

ಅವಿನಾಶ್ ಸಾಬ್ಳೆಯನ್ನು ನೆನಪಿಸಿಕೊಳ್ಳಿ. ಬೀಡ್ ಜಿಲ್ಲೆಯ ಹಳ್ಳಿಯ ಹುಡುಗ, ಸೇನೆಗೆ ಸೇರಿದ ಮೇಲೆ ಸ್ಟೀಪಲ್‌ಚೇಸ್, ಅಂದರೆ ಅಡ್ಡಗಟ್ಟೆ, ನೀರಿನ ಗುಂಡಿ ಹಾರಿ ಓಡುವ ಓಟ, ಕಲಿತವರು. 1998ರಿಂದ 2018ರವರೆಗೆ ಕಾಮನ್‌ವೆಲ್ತ್‌ನ ಆ ಓಟದಲ್ಲಿ ಮೂರೂ ಪದಕ ಕೆನ್ಯಾದವರಿಗೇ ಹೋಗುತ್ತಿತ್ತು. 2022ರಲ್ಲಿ ಇವರು ನಡುವೆ ನುಗ್ಗಿ 8 ನಿಮಿಷ 11.20 ಸೆಕೆಂಡಿನಲ್ಲಿ ಬೆಳ್ಳಿ ಗೆದ್ದರು. ಚಿನ್ನ ತಪ್ಪಿದ್ದು 0.05 ಸೆಕೆಂಡಿನಿಂದ. ಆ ಓಟದ ವಿಡಿಯೊವನ್ನು ನಮ್ಮ ಶಾಲೆಯ ಮಕ್ಕಳಿಗೆ ತೋರಿಸಿದೆ. ಮರುದಿನದಿಂದ ಎರಡು ಸುತ್ತಿಗೇ ನಿಲ್ಲುತ್ತಿದ್ದ ಹುಡುಗಿಯರು ನಾಲ್ಕು ಸುತ್ತು ಓಡಿದರು. ಅಂಥ ಓಟ ನೋಡುವ ಅವಕಾಶವನ್ನೇ ನಾವಾಗಿ ಕಳೆದುಕೊಳ್ಳಬೇಕೇ?

ಇನ್ನೊಂದು ಮಾತು. ಲಾನ್ ಬೌಲ್ಸ್ ಎಂಬ ಆಟವನ್ನು 2022ರ ಮೊದಲು ನಮ್ಮಲ್ಲಿ ಎಷ್ಟು ಜನ ಕೇಳಿದ್ದೆವು? ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ಟಿರ್ಕಿ, ಈ ನಾಲ್ವರು ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ತಂದಾಗಲೇ ದೇಶ ತಿರುಗಿ ನೋಡಿದ್ದು. ಗ್ಲಾಸ್ಗೋದಲ್ಲಿ ಆ ಆಟ ಇದೆ.

---

ಗದಗ ರೋಡ್ ರೈಲ್ವೆ

ಟೀಚರ್ ಹೇಳಿದ್ದು ಖರೇ. ಆದ್ರ ರೈಟ್ ಹಾಫ್ ಅಣ್ಣಾ ಕೇಳಿದ್ದಕ್ಕ ಯಾರೂ ನೇರ ಉತ್ತರ ಕೊಡಲಿಲ್ಲ. ನಮ್ಮ ಹುಡುಗೂರಿಗೆ ಇದರಿಂದ ಏನು? ನಾ ಹೇಳ್ತೀನಿ, ನೌಕರಿ.

ರೈಲ್ವೆ ಸ್ಪೋರ್ಟ್ಸ್ ಕೋಟಾದಾಗ ಸ್ಪರ್ಧೆಗಳಿಗೆ ದರ್ಜೆ ಅದಾವು. ಒಲಿಂಪಿಕ್ಸ್ ಎ ದರ್ಜೆ. ವಿಶ್ವಕಪ್, ವಿಶ್ವ ಚಾಂಪಿಯನ್‌ಶಿಪ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಬಿ ದರ್ಜೆ. ಅದರ ಕೆಳಗ ಸಿ. ಎ, ಬಿ ದರ್ಜೆಯೊಳಗ ಆಡಿದವರಿಗೆ ಸಿಗೂ ಹುದ್ದೆ ಬ್ಯಾರೆ, ಪಗಾರ ಬ್ಯಾರೆ. ಕುಸ್ತಿಯೊಳಗ ವಿಶ್ವ ಚಾಂಪಿಯನ್‌ಶಿಪ್ ಪದಕ ಅಂದ್ರ ರಷ್ಯಾ, ಜಪಾನ್, ಇರಾನ್, ಅಮೆರಿಕಾ ಎಲ್ಲಾರನ್ನೂ ದಾಟಬೇಕು. ಏಷ್ಯನ್ ಗೇಮ್ಸ್‌ದಾಗೂ ಇರಾನ್, ಜಪಾನ್, ಕಜಕಸ್ತಾನ, ಉಜ್ಬೇಕಿಸ್ತಾನ ಎದುರಿಗೆ ನಿಂತಿರ್ತಾವು. ಕಾಮನ್‌ವೆಲ್ತ್‌ದಾಗ ಇವರ‍್ಯಾರೂ ಇಲ್ಲ. ಹಂಗಾಗಿ ಒಬ್ಬ ಬಡ ಪೈಲ್ವಾನಗ ಬಿ ದರ್ಜೆ ಪದಕ ಕೈಗೆ ಸಿಗೂ ಹಾದಿ ಇದೊಂದ ಇತ್ತು. ಈಗ ಅದ ಹೋತು.

ಶೂಟರ್ ಸ್ವಪ್ನಿಲ್ ಕುಸಾಳೆ ಸೆಂಟ್ರಲ್ ರೈಲ್ವೆಯವರು, ಟಿಕೆಟ್ ಕಲೆಕ್ಟರ್ ಆಗಿದ್ದವರು. ಪ್ಯಾರಿಸ್ ಒಲಿಂಪಿಕ್ಸ್‌ದಾಗ ಕಂಚು ತಂದ್ರು. ಅಲ್ಲೇ ಕುಸ್ತಿ ಕಂಚು ತಂದ ಅಮನ್ ಸೆಹ್ರಾವತ್ ಉತ್ತರ ರೈಲ್ವೆ. ತಿಂಗಳಾ ಪಗಾರ ಬರ್ತಿತ್ತು ಅಂತ ಅವರು ಅಭ್ಯಾಸದ ಮ್ಯಾಲೆ ಲಕ್ಷ್ಯ ಇಟ್ಟು ಕೂಡಾಕ ಆತು. ನಮ್ಮ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಇದ್ದ ಊರು. ಕೋಟಾದ ಅರ್ಜಿ ಕರದಾಗ ಹಳ್ಳಿ ಹುಡುಗೂರು ಪ್ಲಾಸ್ಟಿಕ್ ಫೈಲ್‌ದಾಗ ಸರ್ಟಿಫಿಕೇಟ್ ಹಾಕ್ಕೊಂಡು ಬರೂದನ್ನ ನೋಡೀನಿ. ಅಪ್ಪ ಹೊರಗ ಗಿಡದ ನೆಳ್ಳಾಗ ಕುಂತಿರ್ತಾನ.

---

ಬೆಟಗೇರಿ ರೈಟ್ ಹಾಫ್

ಅಣ್ಣಾರ, ನನ್ನ ಹೊಟ್ಟಿಯಾಗಿದ್ದ ಮಾತು ನೀವು ಹೇಳಿದ್ರಿ. ಪದಕ ಪಟ್ಟಿಯೊಳಗ ನಾಲ್ಕನೇ ಸ್ಥಾನ ಬಂತೋ ಆರನೇ ಸ್ಥಾನ ಬಂತೋ ದಿಲ್ಲಿಯವರು ನೋಡ್ಕೊಳ್ಳಲಿ. ನಮ್ಮ ಓಣಿಯೊಳಗ ಒಂದು ಮನಿ ಎದ್ದು ನಿಂದ್ರೂದು ಒಂದು ನೌಕರಿಯಿಂದ.

---

ಕೆಲಗೇರಿ ಪೈಲ್ವಾನ

@ಟೀಚರ್, ನಾನೂ ಓಡೂ ಮಕ್ಕಳ ವೈರಿ ಅಲ್ಲ ಅಕ್ಕಾರ. ಆದ್ರ ಬಾಯಿ ಮುಚ್ಚಿಕೊಂಡು ಹೋದ್ರ ಮುಂದಿನ ಸಲಾನೂ ತಗೀತಾರ. ಗದಗದ ಕ್ರೀಡಾ ಹಾಸ್ಟೆಲ್‌ದಾಗ ಹೆಣ್ಣುಮಕ್ಕಳು ಕುಸ್ತಿ ಕಲ್ಯಾಕತ್ತಾರ. ಕುಸ್ತಿ ಅಂದ್ರ ಗಂಡಸರದ್ದು ಅಂತಿದ್ದ ಹಳ್ಳಿಗಳಿಂದ ಬಂದಾರ. 2020ರಾಗ ನಮ್ಮ ಧಾರವಾಡದಾಗ ಕುಸ್ತಿ ಹಬ್ಬ ಆದಾಗ ಹುಡುಗ್ಯಾರ ಕುಸ್ತಿ ನೋಡಾಕ ಮುದುಕ್ಯಾರು ಸೈತ ಬಂದು ಮುಂದಿನ ಸಾಲಿನಾಗ ಕುಂತಿದ್ರು. ಆ ಹುಡುಗ್ಯಾರಿಗೆ ಏನ್ ಹೇಳೂದು?

---

ಸಪ್ತಾಪುರ ಗಲ್ಲಿ

ಕುಸ್ತಿ ತಗದಿದ್ದು ಇದ ಮೊದಲ ಸಲ ಅಲ್ರೀ. 1990ರ ಆಕ್ಲೆಂಡ್, 1998ರ ಕ್ವಾಲಾಲಂಪುರ, 2006ರ ಮೆಲ್ಬರ್ನ್, ಮೂರೂ ಕೂಟದಾಗ ಕುಸ್ತಿ ಇರಲಿಲ್ಲ. ಮತ್ತ ಬಂತು. ಹಾಕಿ ಮಾತ್ರ 1998ರಾಗ ಬಂದದ್ದು ಇಲ್ಲೀತನಕ ಒಮ್ಮೆನೂ ತಪ್ಪಿರಲಿಲ್ಲ, ಈಗ ಮೊದಲ ಸಲ ತಪ್ಪಾಕತ್ತೈತಿ.

---

ಕೆಲಗೇರಿ ಪೈಲ್ವಾನ

ಆಗಿನ ಮಾತು ಬ್ಯಾರೆ ತಮ್ಮಾ. ಹೆಣ್ಣುಮಕ್ಕಳ ಕುಸ್ತಿ ಈ ಕೂಟಕ್ಕ ಬಂದಿದ್ದ 2010ರ ದಿಲ್ಲಿಯೊಳಗ. ಅವರಿಗೆ ಇದು ಮೊದಲನೇ ಪೆಟ್ಟು.

---

ಹಾವೇರಿಯಿಂದ ಬೆಂಗಳೂರಿಗೆ

ನಾನು ಸ್ವಲ್ಪ ಬೇರೆ ಪ್ರಶ್ನೆ ಕೇಳುತ್ತೇನೆ. ಈ ಕೂಟವೇ ನಮಗೆ ಯಾಕೆ ಬೇಕು? 1930ರಲ್ಲಿ ಶುರುವಾದಾಗ ಇದರ ಹೆಸರು ಬ್ರಿಟಿಷ್ ಎಂಪೈರ್ ಗೇಮ್ಸ್. ಅವರ ಆಳ್ವಿಕೆಯಲ್ಲಿದ್ದ ದೇಶಗಳ ಕೂಟ. ಚೀನಾ ಇಲ್ಲ, ಜಪಾನ್ ಇಲ್ಲ, ಅಮೆರಿಕಾ ಇಲ್ಲ. ಇಲ್ಲಿ ಗೆದ್ದ ಚಿನ್ನವನ್ನು ಹಿಡಿದುಕೊಂಡು ನಾವು ಬಲಿಷ್ಠ ಎಂದು ತಿಳಿದು ಒಲಿಂಪಿಕ್ಸ್‌ಗೆ ಹೋಗಿ ಬರಿಗೈಯಲ್ಲಿ ಬರುತ್ತೇವೆ. ಪ್ಯಾರಿಸ್‌ಗೆ 117 ಜನ ಹೋಗಿ ತಂದದ್ದು 6 ಪದಕ, ಒಂದೂ ಚಿನ್ನವಿಲ್ಲ. ಆ ದುಡ್ಡು, ಆ ಸಮಯ ಎಲ್ಲವನ್ನೂ ಏಷ್ಯನ್ ಗೇಮ್ಸ್‌ಗೆ ಹಾಕಲಿ. ಸೆಪ್ಟೆಂಬರ್ 19ಕ್ಕೆ ಜಪಾನಿನ ಐಚಿ-ನಗೋಯಾದಲ್ಲಿ ಶುರು. ಅಲ್ಲಿ ಹಾಕಿ ಇದೆ, ಕುಸ್ತಿ ಇದೆ, ಕಬಡ್ಡಿಯೂ ಇದೆ.

---

ಬ್ಯಾಡಗಿ ಕೆಂಪು

ಚೆನ್ನಮ್ಮನ ಸರ್ಕಲ್‌ದಾಗ ನಿಂತು ಈ ಮಾತು ಹೇಳಬೇಕು ನೋಡ್ರಿ. ಬರೋಬ್ಬರಿ.

---

ಲಕ್ಷ್ಮೇಶ್ವರ ಕಾಕಾ

ತಮ್ಮಂದಿರಾ, ಹೋಗೂದ ಬ್ಯಾಡ ಅನ್ನೂದು ಹಗರು. ಅದರ ಫಲ ಏನಾಗ್ತದ ಅಂತ ನಾ ಕಂಡೀನಿ, ಕೇಳ್ರಿ.

1986ರಾಗ ಎಡಿನ್‌ಬರೊ ಕೂಟ. ದಕ್ಷಿಣ ಆಫ್ರಿಕಾದ ವರ್ಣಭೇದ ಸರಕಾರದ ಮ್ಯಾಲೆ ಬ್ರಿಟನ್ ಪ್ರಧಾನಿ ಥ್ಯಾಚರಬಾಯಿ ನಿರ್ಬಂಧ ಹಾಕಲಿಲ್ಲ ಅಂತ ಭಾರತ ಸೇರಿ 32 ದೇಶ ಹೋಗಲಿಲ್ಲ. ಕಾರಣ ನ್ಯಾಯದ್ದ ಇತ್ತು, ನನಗ ಇವತ್ತಿಗೂ ಅದರ ಬಗ್ಗೆ ಅಭಿಮಾನ ಐತಿ. ಆದ್ರ ಅದ ವರ್ಷ ಸೋಲ್ ಏಷ್ಯನ್ ಗೇಮ್ಸ್‌ದಾಗ ಪಿ.ಟಿ. ಉಷಾ 4 ಬಂಗಾರ, 1 ಬೆಳ್ಳಿ ಹೊಡದಳು. ಹಂಗ ಓಡೂ ಹೆಣ್ಣುಮಗಳು ಎಡಿನ್‌ಬರೊ ಟ್ರ್ಯಾಕ್ ಮ್ಯಾಲೆ ಇರಲಿಲ್ಲ. ಓಡೂ ಕಾಲು ಕೆಲವ ವರ್ಷ ಇರ್ತಾವು. ಇವತ್ತು ಆ ಉಷಾನ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ. ಆಕಿಗೆ ಕೇಳಿದ್ರ ಗೊತ್ತಾಗ್ತದ, ಓಡೂ ಕಾಲದಾಗ ಮನ್ಯಾಗ ಕುಂದ್ರೂದು ಅಂದ್ರ ಏನಂತ.

ಒಂದು ಇಡೀ ಜನಾಂಗವನ್ನ ಮನುಷ್ಯರಂತ ಕಾಣದ ಸರಕಾರದ ವಿರುದ್ಧ ಕೂಟ ಬಿಡೂದಕ್ಕೂ, ರೊಕ್ಕ ಸಾಲದ ಊರು ಆಟ ಕಡಿಮಿ ಮಾಡಿತು ಅಂತ ಬಿಡೂದಕ್ಕೂ ಭಾಳ ಫರಕ್ ಐತಿ.

ಇನ್ನ ಎಂಪೈರ್ ಮಾತು. 1920ರಾಗ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಮೊದಲನೇ ತಂಡ ಹೋತು. ದೊರಾಬ್ಜಿ ಟಾಟಾ ಮುಂದ ನಿಂತು ಕಳಸಿದ್ದು. ಅದರಾಗ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದ. ಮ್ಯಾರಥಾನ್ ಓಡಿ 19ನೇ ಸ್ಥಾನ ಬಂದ. ಆಗ ಬೆಳಗಾವಿ, ಧಾರವಾಡ ಎರಡೂ ಮುಂಬೈ ಪ್ರಾಂತದಾಗ, ಆಳವರು ಬ್ರಿಟಿಷರ. ಆದ್ರ ಓಡಿದ್ದು ಚೌಗುಲೆ, ಕಾಲು ಅಂವನವು.

---

ಮುಂಡರಗಿ ಸೈಕಲ್

ಕಾಕಾ, ಚೌಗುಲೆ ವಿಷಯ ನನಗ ಗೊತ್ತಿರಲಿಲ್ಲ. ಇಂಥಾವು ಬರೀತಾ ಇರ್ರಿ.

ಕುಸ್ತಿ, ಹಾಕಿ ಅಂತ ಎಲ್ಲಾರೂ ಮಾತಾಡಾಕತ್ತೀರಿ, ನಮ್ಮ ಸೈಕಲ್ ಸುದ್ದಿ ಯಾರೂ ಎತ್ತಲಿಲ್ಲ. ಪಟ್ಟಿಯೊಳಗ ಸೈಕ್ಲಿಂಗ್ ಐತಿ ಅಂತ ಖುಷಿ ಪಡಬ್ಯಾಡ್ರಿ. ಬರೇ ಟ್ರ್ಯಾಕ್ ಸೈಕ್ಲಿಂಗ್ ಇಟ್ಟಾರ. ರೋಡ್ ರೇಸ್ ಇಲ್ಲ, ಗುಡ್ಡದ ಸೈಕಲ್ ಇಲ್ಲ, ಎರಡೂ ಬರ್ಮಿಂಗ್‌ಹ್ಯಾಮ್‌ದಾಗ ಇದ್ವು. ಗದಗ, ಬಾಗಲಕೋಟಿ, ವಿಜಯಪುರದ ಹುಡುಗೂರು ಬೆಳದಿದ್ದ ಡಾಂಬರ ರಸ್ತೆದಾಗ ಮತ್ತ ಗುಡ್ಡದಾಗ. ಮುಂಜಾನಿ ಐದಕ್ಕ ಲಾರಿ ಬರೂಕ್ಕಿಂತ ಮೊದಲು ರಸ್ತೆಗೆ ಇಳೀತೀವಿ.

ಟ್ರ್ಯಾಕ್ ಸೈಕಲ್ ಅಂದ್ರ ಬ್ಯಾರೆನ ವಿದ್ಯಾ. ಬ್ರೇಕ್ ಇರೂದಿಲ್ಲ, ಒಂದ ಗೇರ್, ಪೆಡಲ್ ನಿಂದ್ರಿಸಾಕ ಬರೂದಿಲ್ಲ. ಗ್ಲಾಸ್ಗೋದ ಕ್ರಿಸ್ ಹೋಯ್ ವೆಲೊಡ್ರೋಮ್ 250 ಮೀಟರ್ ಕಟ್ಟಿಗಿ ಟ್ರ್ಯಾಕ್, ತಿರುವಿನಾಗ ಗ್ವಾಡಿ ಹತ್ತಿದಂಗ ಇರ್ತದ. ವೇಗ ಕಡಿಮಿ ಆದ್ರ ಜಾರಿ ಕೆಳಗ ಬೀಳೂದ. ಇಂಥಾ ಟ್ರ್ಯಾಕ್ ಮ್ಯಾಲೆ ದಿನಾ ಅಭ್ಯಾಸ ಇಲ್ಲದ ಅಲ್ಲಿ ಹೋಗಿ ಗೆಲ್ಲೂದು ಕಷ್ಟ. ಸೈಕ್ಲಿಂಗ್‌ದಾಗ ನಮಗ ಕಾಮನ್‌ವೆಲ್ತ್ ಪದಕ ಇನ್ನೂ ಬಂದಿಲ್ಲ. ಆದ್ರೂ ತಂಡ ಹೋಗಲಿ ಅಂತೀನಿ. ಅಲ್ಲಿ ಸೋತು ಬಂದವರ ಇಲ್ಲಿ ಹುಡುಗೂರಿಗೆ ಕಲಸೂದು.

---

ಬ್ಯಾಡಗಿ ಕೆಂಪು

ಕ್ರಿಕೆಟ್ ತಗದಿದ್ದಕ್ಕ ನನಗೇನೂ ದುಃಖ ಇಲ್ಲ, ವರ್ಷಪೂರ್ತಿ ನಡೀತದ. ಆದ್ರ ಹೆಣ್ಣುಮಕ್ಕಳ ಕ್ರಿಕೆಟ್ ಇರಬೇಕಿತ್ತು. ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ದಾಗ ಶ್ರೀಲಂಕಾ ಮ್ಯಾಲೆ 19 ರನ್‌ನಿಂದ ಗೆದ್ವಿ, ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ 2 ವಿಕೆಟ್ ತಗದ್ರು. ಅವತ್ತು ನಮ್ಮ ಅಂಗಡ್ಯಾಗ ಎಲ್ಲಾರಿಗೂ ಪೇಢೆ ಹಂಚೀನಿ.

---

ಸಪ್ತಾಪುರ ಗಲ್ಲಿ

ಪೇಢೆ ಅಂದ್ರ ಠಾಕೂರದೋ, ಮಿಶ್ರಾದೋ?

---

ಬ್ಯಾಡಗಿ ಕೆಂಪು

ಲೈನ್ ಬಜಾರದ್ದು. ಇನ್ನೊಂದು ಮಾತ ಇಲ್ಲ.

---

ಗದಗ ರೋಡ್ ರೈಲ್ವೆ

ಪೇಢೆ ಚರ್ಚಾ ಬ್ಯಾರೆ ಕಡೆ ಇಟ್ಕೋರಿ, ಇಲ್ಲಾಂದ್ರ ರಾತ್ರಿತನಕ ಮುಗಿಯಂಗಿಲ್ಲ. ವಿಷಯಕ್ಕ ಬರ್ರಿ.

---

ಹಾವೇರಿಯಿಂದ ಬೆಂಗಳೂರಿಗೆ

ಹಾಕಿ ಬಗ್ಗೆ ಒಂದು ಕಟು ಸತ್ಯ. 1998ರಿಂದ 2022ರವರೆಗೆ ನಡೆದ ಅಷ್ಟೂ ಕಾಮನ್‌ವೆಲ್ತ್ ಕೂಟಗಳಲ್ಲಿ ಗಂಡಸರ ಹಾಕಿ ಚಿನ್ನ ಆಸ್ಟ್ರೇಲಿಯಾದ್ದೇ. ನಾವು ಮೂರು ಸಲ ಫೈನಲ್ ತಲುಪಿದೆವು. 2010ರಲ್ಲಿ 8-0, 2014ರಲ್ಲಿ 4-0, 2022ರಲ್ಲಿ 7-0. ಮೂರು ಫೈನಲ್‌ಗಳಲ್ಲಿ ಒಂದೂ ಗೋಲು ಇಲ್ಲ. ಇಂಥ ಕೂಟ ತಪ್ಪಿದರೆ ನಷ್ಟವೇನು?

---

ಬೆಟಗೇರಿ ರೈಟ್ ಹಾಫ್

ಅಣ್ಣಾ, ಅಂಕಿ ಖರೇ ಅದಾವು. ಆದ್ರ ಅವು ಹೇಳೂದು ನೀವು ಹೇಳಿದ್ದಕ್ಕ ಉಲ್ಟಾ. 2022ರಾಗ 7-0 ಸೋತ ತಂಡದ ಹುಡುಗೂರ ಮರುವರ್ಷ ಹಾಂಗ್‌ಝೌದಾಗ ಜಪಾನ್ ಮ್ಯಾಲೆ 5-1 ಗೆದ್ದು ಬಂಗಾರ ತಂದ್ರು, ಪ್ಯಾರಿಸ್ ಟಿಕೆಟ್ ತಗೊಂಡ್ರು. ಪ್ಯಾರಿಸ್‌ದಾಗ ಗುಂಪಿನ ಮ್ಯಾಚ್‌ದಾಗ ಅದ ಆಸ್ಟ್ರೇಲಿಯಾನ ಸೋಲಿಸಿದ್ರು, ಕಡೀಗೆ ಸ್ಪೇನ್ ಮ್ಯಾಲೆ 2-1 ಗೆದ್ದು ಕಂಚು. ಏಳು ಗೋಲು ತಿಂದಾಗ ರಕ್ಷಣೆ ಎಲ್ಲಿ ಒಡೀತದ ಅಂತ ತಿಳೀತದ. ಬಲಿಷ್ಠ ತಂಡದ ಎದುರಿಗೆ ಆಡೂ ದೊಡ್ಡ ಮ್ಯಾಚ್ ಕಳಕೊಂಡ್ರ ಅದನ್ನ ಎಲ್ಲಿಂದ ತರೂದು?

ಹೆಣ್ಣುಮಕ್ಕಳ ತಂಡ ಮರತೀರಿ. 2002, ಮ್ಯಾಂಚೆಸ್ಟರ್, ಫೈನಲ್. ಇಂಗ್ಲೆಂಡಿನ ನೆಲದಾಗ ಇಂಗ್ಲೆಂಡಿನ ತಂಡದ ಮ್ಯಾಲೆ 3-2, ಮಮತಾ ಖರಬ್ ಗೋಲ್ಡನ್ ಗೋಲ್, ಅಂದ್ರ ಹೆಚ್ಚಿನ ಹೊತ್ತಿನಾಗ ಬಿದ್ದ ಕೂಡ್ಲೆ ಮ್ಯಾಚ್ ಮುಗಸೂ ಗೋಲು. ಅದು ಬಂಗಾರ ಅಲ್ಲೇನು? 2022ರಾಗ ಸೆಮಿಫೈನಲ್ ಶೂಟೌಟ್‌ದಾಗ ಗಡಿಯಾರ ಚಾಲೂ ಮಾಡೂದು ಮರತು ಆಸ್ಟ್ರೇಲಿಯಾದಾಕಿಗೆ ಇನ್ನೊಂದು ಅವಕಾಶ ಕೊಟ್ರು. ನಮ್ಮ ಗೋಲ್‌ಕೀಪರ್ ಸವಿತಾ ಮೊದಲನೇದು ತಡದಿದ್ದಳು. ಅಷ್ಟ್ ಅನ್ಯಾಯ ಆದ ಮ್ಯಾಲೂ ಹುಡುಗ್ಯಾರು ತಲಿ ಕೆಡಿಸಿಕೊಳ್ಳದ ನ್ಯೂಜಿಲೆಂಡ್ ಸೋಲಿಸಿ ಕಂಚು ತಂದ್ರು. ಆ ರಾತ್ರಿ ನಮ್ಮ ಓಣ್ಯಾಗ ಯಾರೂ ಮಲಗಿರಲಿಲ್ಲ.

---

ಸವಣೂರು ದ್ರಾಕ್ಷಿ

ನಾನು ಬರೆಯುವುದು ಕಡಿಮೆ, ಓದುವುದೇ ಹೆಚ್ಚು. ಒಂದು ವಿಷಯ ಯಾರೂ ಎತ್ತಲಿಲ್ಲ. ಕಾಮನ್‌ವೆಲ್ತ್‌ನಲ್ಲಿ ಅಂಗವಿಕಲರ ಸ್ಪರ್ಧೆಗಳು ಬೇರೆ ಕೂಟವಲ್ಲ, ಅದೇ ಕೂಟದಲ್ಲಿ, ಅದೇ ಪದಕ ಪಟ್ಟಿಯಲ್ಲಿ ಸೇರುತ್ತವೆ. ಒಲಿಂಪಿಕ್ಸ್‌ನಲ್ಲಿ, ಏಷ್ಯನ್ ಗೇಮ್ಸ್‌ನಲ್ಲಿ ಹಾಗಿಲ್ಲ. 2022ರಲ್ಲಿ ಸುಧೀರ್ ಪವರ್‌ಲಿಫ್ಟಿಂಗ್ ಚಿನ್ನ ಗೆದ್ದಾಗ ಅದು ನೀರಿನಂತೆ ಸಹಜವಾಗಿ ಭಾರತದ 22 ಚಿನ್ನಗಳಲ್ಲಿ ಒಂದಾಗಿ ಸೇರಿತು.

ನನ್ನ ತಮ್ಮನಿಗೆ ಪೋಲಿಯೊ. ಬೆಂಚ್ ಮೇಲೆ ಮಲಗಿ ಭಾರ ಎತ್ತುತ್ತಾನೆ. ಊರ ಜಿಮ್‌ನಲ್ಲಿ ಮೊದಮೊದಲು ಒಳಗೇ ಬಿಡಲಿಲ್ಲ, “ಬಿದ್ದರೆ ಯಾರು ಹೊಣೆ” ಎಂದರು. ಸುಧೀರ್ ಗೆದ್ದ ವಿಡಿಯೊ ತೋರಿಸಿದ ಮೇಲೆ ಬಿಟ್ಟರು. ಗ್ಲಾಸ್ಗೋ ಪಟ್ಟಿಯಲ್ಲಿ ಪ್ಯಾರಾ ಪವರ್‌ಲಿಫ್ಟಿಂಗ್ ಇದೆ. ಭಾರತ ಹೋಗಬಾರದು ಎನ್ನುವವರು ಇದನ್ನೂ ಯೋಚಿಸಬೇಕು.

---

ಕೆಲಗೇರಿ ಪೈಲ್ವಾನ

ಅಕ್ಕಾರ, ನಿಮ್ಮ ತಮ್ಮಗ ನನ್ನ ನಮಸ್ಕಾರ ಹೇಳ್ರಿ. ಧಾರವಾಡಕ್ಕ ಬಂದ್ರ ನಮ್ಮ ಗರಡಿ ಮನಿಗೆ ಕರ್ಕೊಂಡು ಬರ್ರಿ, ಬೆಂಚ್ ಐತಿ, ಹಿಡಿಯಾಕ ನಾಲ್ಕು ಮಂದಿ ಇರ್ತೀವಿ.

ತಂಡ ಹೋಗಲಿ, ಆ ಮಾತಿಗೆ ನಾ ಇನ್ನ ಅಡ್ಡ ಬರೂದಿಲ್ಲ. ಆದ್ರ ಗದ್ದಲ ಮಾಡದ ಹೋಗಬಾರದು. ಇದರಿಂದ ನಾ ಒಂದು ಕಡ್ಡಿನೂ ಸರಿಯೂದಿಲ್ಲ.

---

ಸಪ್ತಾಪುರ ಗಲ್ಲಿ

ಗದ್ದಲ ಮಾಡಿದ್ರ ಏನಾಗ್ತದ ಅನ್ನೂದಕ್ಕೂ ಉದಾಹರಣೆ ಐತಿ. 2022ರ ಕೂಟದಿಂದ ಶೂಟಿಂಗ್ ತಗದಾಗ, 2019ರಾಗ ಭಾರತೀಯ ಒಲಿಂಪಿಕ್ ಸಂಸ್ಥೆ ಬಹಿಷ್ಕಾರದ ಬೆದರಿಕೆ ಹಾಕಿತ್ತು. ಅದ ಡಿಸೆಂಬರ್‌ದಾಗ ಹಿಂತಗೊಂಡ್ರು. ಚಂಡೀಗಢದಾಗ ಶೂಟಿಂಗ್, ಬಿಲ್ಲುಗಾರಿಕೆ ಬ್ಯಾರೆ ಕೂಟ ಮಾಡಿ ಪದಕ ಸೇರಿಸೂದು ಅಂತ ಒಪ್ಪಂದನೂ ಆತು. ಕೊರೊನಾ ಬಂದು ಅದೂ ರದ್ದಾತು. ಆದ್ರ ಹಟ ಹಿಡದ್ರ ಅವರು ಮಾತುಕತಿಗೆ ಬರ್ತಾರ ಅನ್ನೂದು ಅಷ್ಟಂತೂ ಖರೇ.

ಈಗ ನಮ್ಮ ಕೈಯಾಗ ಅದಕ್ಕಿಂತ ದೊಡ್ಡದು ಐತಿ. 2030ರ ಕೂಟ, ನೂರನೇ ವರ್ಷದ್ದು, ಅಹಮದಾಬಾದ್‌ದಾಗ. 2025ರ ನವೆಂಬರ್‌ದಾಗ ಗ್ಲಾಸ್ಗೋದಾಗನ ಅದು ಪಕ್ಕಾ ಆತು. 15ರಿಂದ 17 ಆಟ ಇಡ್ತೀವಿ ಅಂದಾರ. ಮನಿ ನಮ್ಮದು, ಪಟ್ಟಿ ಮಾಡೂದ್ರಾಗ ನಮ್ಮ ಮಾತು ನಡೀಬೇಕು.

---

ಬೆಟಗೇರಿ ರೈಟ್ ಹಾಫ್

ಹಂಗಂದ್ರ ನಮ್ಮ ಹುಡುಗಗ ಆಗ 17 ವರ್ಷ. ಈ ಮಾತನ್ನ ಇವತ್ತ ಸಂಜಿಕೆ ಫೋನ್ ಮಾಡಿ ಹೇಳ್ತೀನಿ.

ಅದರ ಜೋಡಿ ನನ್ನದೊಂದು ಬೇಡಿಕೆ. ಆಟ ಪಟ್ಟಿಯೊಳಗ ಇದ್ರ ಸಾಲೂದಿಲ್ಲ. ನಮ್ಮ ಹುಡುಗೂರು ವಾರಪೂರ್ತಿ ಗಟ್ಟಿ ನೆಲದ ಮ್ಯಾಲೆ ಆಡಿ, ಟೂರ್ನಮೆಂಟ್‌ಗೆ ಹೋದಾಗ ನೀರು ಹೊಡದ ಟರ್ಫ್ ಮ್ಯಾಲೆ ನಿಂದ್ರತಾರ. ಚೆಂಡಿನ ವೇಗ ಬ್ಯಾರೆ, ಬೂಟು ಬ್ಯಾರೆ, ಮೈ ಬಗ್ಗಿಸೂ ರೀತಿ ಬ್ಯಾರೆ. ಮೊದಲ ಅರ್ಧ ಅದಕ್ಕ ಹೊಂದಿಕೊಳ್ಳೂದ್ರಾಗ ಹೋಗಿರ್ತದ, ಅಷ್ಟೊತ್ತಿಗೆ ಮೂರು ಗೋಲು ಬಿದ್ದಿರ್ತಾವು. ಕೌಶಲ್ಯಕ್ಕ ಏನೂ ಕಡಿಮಿ ಇಲ್ಲ, ಇದನ್ನ ಹತ್ತಿರದಿಂದ ನೋಡಿದವರು ಯಾರಾದ್ರೂ ಹೇಳ್ತಾರ. ದಿನಾ ಟರ್ಫ್ ಮ್ಯಾಲೆ ಅಭ್ಯಾಸಕ್ಕ ಬಿಡಬೇಕು, ಹಬ್ಬಕ್ಕ ಹುಣ್ಣಿಮಿಗೆ ಅಲ್ಲ.

---

ರಾಣೇಬೆನ್ನೂರು ಪಿಇ ಟೀಚರ್

ಇದನ್ನು ಬರೆದು ರಾಜ್ಯ ಒಲಿಂಪಿಕ್ ಸಂಸ್ಥೆಗೆ, ಕ್ರೀಡಾ ಇಲಾಖೆಗೆ ಕಳಿಸೋಣ. ಪಟ್ಟಿಯಲ್ಲಿ ಹಾಕಿ, ಕುಸ್ತಿ ಎರಡೂ ಬೇಕು ಎಂಬುದು ಒಂದು ಪತ್ರ. ಅಭ್ಯಾಸದ ಸೌಲಭ್ಯ ಇನ್ನೊಂದು ಪತ್ರ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಯಾವುದಕ್ಕೂ ಉತ್ತರ ಬರುವುದಿಲ್ಲ.

ಪೈಲ್ವಾನ ಅಣ್ಣನವರಿಗೆ ಒಂದು ಮಾತು. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಮೊದಲು ಕುಸ್ತಿಗೆ ಬರಬೇಕೆಂದಿದ್ದವರು. ತಂದೆ ಲಾರಿ ಡ್ರೈವರ್. ಶಿಕ್ಷಕರ ಮಾತಿನಿಂದ ಭಾರ ಎತ್ತುವ ಕಡೆ ಹೊರಳಿದರು. 2018ರ ಗೋಲ್ಡ್ ಕೋಸ್ಟ್‌ನಲ್ಲಿ ಭಾರತದ ಮೊದಲ ಪದಕ ಅವರದೇ, ಬೆಳ್ಳಿ. 2022ರಲ್ಲಿ ಕಂಚು. ಬೆಳಗಾವಿಯ ತುರಮುರಿಯ ಮಲಪ್ರಭಾ ಜಾಧವ್ ಜೂಡೋ ಕಲಿತವರು, 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಎಂಬ ಮಧ್ಯ ಏಷ್ಯಾದ ಕುಸ್ತಿಯಲ್ಲಿ ಕಂಚು ತಂದರು. ಗರಡಿಯ ಮಕ್ಕಳಿಗೆ ಹಿಡಿತ, ಸೊಂಟದ ಬಲ, ಬೀಳುವ ಕಲೆ ಎಲ್ಲ ಇರುತ್ತದೆ. ಕುಸ್ತಿ ಬಿಡಲಿ ಎನ್ನುತ್ತಿಲ್ಲ. ಜೂಡೋ, ವೇಟ್‌ಲಿಫ್ಟಿಂಗ್ ಕೂಡ ಒಮ್ಮೆ ಹಿಡಿದು ನೋಡಲಿ.

---

ಕೆಲಗೇರಿ ಪೈಲ್ವಾನ

ವಸ್ತಾದರ ಮುಂದ ಈ ಮಾತು ಇಡ್ತೀನಿ ಟೀಚರ್. ಜೂಡೋದಾಗ ಅಂಗಿ ಹಿಡದು ಎಸಿಯೂದು, ನಮ್ಮಲ್ಲಿ ಅಂಗೀನ ಇರೂದಿಲ್ಲ. ಒಮ್ಮೆಲೆ ಹೊಂದೂದಿಲ್ಲ, ಆದ್ರ ಸಣ್ಣ ಹುಡುಗೂರು ಕಲ್ತಾರು.

---

ಬ್ಯಾಡಗಿ ಕೆಂಪು

ಮ್ಯಾಚ್ ಎಷ್ಟೊತ್ತಿಗೆ ಬರ್ತಾವ್ರೀ ನಮ್ಮ ಕಡೆ?

---

ಸಪ್ತಾಪುರ ಗಲ್ಲಿ

ಅಲ್ಲಿನ ಹೊತ್ತು ನಮ್ಮಕ್ಕಿಂತ ನಾಲ್ಕೂವರಿ ತಾಸು ಹಿಂದ. ಅಲ್ಲಿ ಸಂಜಿ 8ಕ್ಕ ಫೈನಲ್ ಇದ್ರ ನಮಗ ರಾತ್ರಿ 12:30. ಅಲ್ಲಿ ಮುಂಜಾನಿ 10ಕ್ಕ ಇದ್ದದ್ದು ನಮಗ ಮಧ್ಯಾಹ್ನ 2:30ಕ್ಕ.

---

ಲಕ್ಷ್ಮೇಶ್ವರ ಕಾಕಾ

ಗ್ಲಾಸ್ಗೋ ಅಂದ್ರ ನನಗ 2014 ನೆನಪಾಗ್ತದ. ಮೈಸೂರಾಗ ಹುಟ್ಟಿದ ವಿಕಾಸ್ ಗೌಡ ಡಿಸ್ಕಸ್ ಒಗದು ಬಂಗಾರ ತಂದ ಊರು ಅದ. ಮಿಲ್ಖಾ ಸಿಂಗರ ನಂತರ ಗಂಡಸರ ಅಥ್ಲೆಟಿಕ್ಸ್‌ದಾಗ ಅದ ಮೊದಲನೇ ಬಂಗಾರ, 56 ವರ್ಷಕ್ಕ. ಈ ಸಲಾನೂ ಮುದುಕ ಎದ್ದು ಕುಂತು ನೋಡೂದ.

---

ನರಗುಂದ ಜೋಳ

ಎಲ್ಲಾರೂ ಮಾತಾಡೂದನ್ನ ನೋಡಿ ಕೇಳಬೇಕಂತ ಅನಸ್ತು. ಮಗಳು ಐದನೇತ್ತ ಓದ್ತಾಳ, ಓಟದಾಗ, ಜಿಗ್ಯೂದ್ರಾಗ ಸಾಲಿಗೆ ಮೊದಲು. ಕ್ರೀಡಾ ಹಾಸ್ಟೆಲ್‌ಗೆ ಹಾಕಬೇಕಂದ್ರ ಏನ್ ಮಾಡ್ಬೇಕು ಟೀಚರ್? ಯಾವ ಆಟ ಅಂತ ನಾವ ಹೇಳಬೇಕಾ?

---

ರಾಣೇಬೆನ್ನೂರು ಪಿಇ ಟೀಚರ್

ಜಿಲ್ಲಾ ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ ಆಯ್ಕೆ ಯಾವಾಗ ಎಂದು ಈಗಲೇ ಕೇಳಿ ಬರೆದುಕೊಳ್ಳಿ, ಪತ್ರಿಕೆಯಲ್ಲಿ ಬರುವವರೆಗೆ ಕಾಯಬೇಡಿ. ನಿಮ್ಮವರಿಗೆ ಗದಗ. ಜನನ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಧಾರ್, ಫೋಟೊ ಜೋಡಿಸಿ ಇಟ್ಟುಕೊಳ್ಳಿ. ಜನ್ಮ ದಿನಾಂಕ ಎಲ್ಲದರಲ್ಲೂ ಒಂದೇ ಇರಬೇಕು, ಬಹಳ ಮಕ್ಕಳು ಅಲ್ಲೇ ಹೊರಗುಳಿಯುತ್ತಾರೆ. ಆಯ್ಕೆಯಲ್ಲಿ ಎತ್ತರ, ತೂಕ ನೋಡಿ ಓಟ, ನಿಂತಲ್ಲಿಂದ ಉದ್ದ ಜಿಗಿತ, ಮೆಡಿಸಿನ್ ಬಾಲ್ ಎಸೆತ ಮಾಡಿಸುತ್ತಾರೆ. ಅಂಗಳದಲ್ಲಿ ಗೆರೆ ಎಳೆದು ನಿಂತಲ್ಲಿಂದ ಜಿಗಿಯುವುದನ್ನು ದಿನಾ ಮಾಡಿಸಿ.

ಆಟ ಯಾವುದೆಂದು ಮಗಳನ್ನೇ ಕೇಳಿ. ಹಾಕಿ ಎಂದರೆ ರೈಟ್ ಹಾಫ್ ಅಣ್ಣನವರಿದ್ದಾರೆ, ಕುಸ್ತಿ ಎಂದರೆ ಪೈಲ್ವಾನ ಅಣ್ಣನವರಿದ್ದಾರೆ.

---

ಬೆಟಗೇರಿ ರೈಟ್ ಹಾಫ್

ನರಗುಂದ ಅಣ್ಣಾರ, ರವಿವಾರ ಮುಂಜಾನಿ ಆರಕ್ಕ ಮಗಳನ್ನ ಕರ್ಕೊಂಡು ಗದಗದ ಕ್ರೀಡಾಂಗಣಕ್ಕ ಬರ್ರಿ. ಹಾಸ್ಟೆಲ್ ಹುಡುಗ್ಯಾರು ಅಭ್ಯಾಸ ಮಾಡ್ತಿರ್ತಾರ, ನೋಡಲಿ. ಸಣ್ಣ ಸ್ಟಿಕ್ ನನ್ನ ಹಂತ್ಯಾಕ ಐತಿ, ನಾ ತರ್ತೀನಿ.